ಮನೆ ಇಲ್ಲಿ, ಬಚ್ಚಲು ಬೀದಿಯ ತಿರುವಿನಲ್ಲಿ

ಜಪಾನಿನ ಕ್ಯೋಟೊ ನಗರದಲ್ಲಿ ಸಾಮಾನ್ಯ ಜನ ವಾಸವಿದ್ದ ಹಳೆಯ ಮರದ ಮನೆಗಳಿಗೆ, ಅದರಲ್ಲೂ ಬಾಡಿಗೆಯ ಸಾಲುಮನೆಗಳಿಗೆ, ಹೆಚ್ಚಾಗಿ ಬಚ್ಚಲೇ ಇರುತ್ತಿರಲಿಲ್ಲ. ಅಡುಗೆಗೆ ಒಲೆಗಳಿದ್ದವು, ಬಾವಿಯಿತ್ತು, ಅಂಗೈಯಗಲದ್ದಾದರೂ ಒಂದು ತೋಟವಿತ್ತು, ಬಂದವರನ್ನು ಕೂರಿಸಲು ಚೊಕ್ಕಟವಾದ ಕೋಣೆಯಿತ್ತು. ಸ್ನಾನಕ್ಕೆ ಮಾತ್ರ ಬೋಗುಣಿ, ಟವೆಲು ಹಿಡಿದು ಬೀದಿಗಿಳಿಯಬೇಕು. ಇದಕ್ಕೆ ಬಡತನವೊಂದೇ ಕಾರಣವಲ್ಲ. ಮರ, ಮಣ್ಣು, ಬಿದಿರು, ಕಾಗದಗಳಿಂದ ಕಟ್ಟಿದ ಮನೆಗಳು ಒತ್ತೊತ್ತಾಗಿ ನಿಂತ ಊರಲ್ಲಿ, ಸಂಜೆಯಾದರೆ ಮನೆಮನೆಯಲ್ಲೂ ಹಂಡೆಗಟ್ಟಲೆ ನೀರು ಕಾಯಿಸುವುದೆಂದರೆ ಬೆಂಕಿಯ ಜೊತೆ ಸರಸ. ನೀರು ಸೇದಬೇಕು, ಸೌದೆ ಕೊಳ್ಳಬೇಕು, ಅದು ಬೇರೆ. 1864ರಲ್ಲಿ ಅರಮನೆಯ ಬಾಗಿಲ ಬಳಿ ನಡೆದ ಕಾಳಗದಿಂದ ಹೊತ್ತಿಕೊಂಡ ಬೆಂಕಿ ಕ್ಯೋಟೊದ ದೊಡ್ಡ ಭಾಗವನ್ನೇ ನುಂಗಿತ್ತು. 'ಹಳೆಯ ಕ್ಯೋಟೊ' ಎಂದು ಪ್ರವಾಸಿಗರು ಫೋಟೊ ತೆಗೆದುಕೊಳ್ಳುವ ಮನೆಗಳಲ್ಲಿ ಹೆಚ್ಚಿನವು ಅದಾದ ಮೇಲೆ ಎದ್ದವು. ಇವತ್ತಿಗೂ ಅಲ್ಲಿನ ಎಷ್ಟೋ ಅಡುಗೆಮನೆಗಳ ಗೋಡೆಯಲ್ಲಿ ಅತಾಗೊ ಬೆಟ್ಟದ ದೇಗುಲದಿಂದ ತಂದ, ಬೆಂಕಿಯ ಬಗ್ಗೆ ಎಚ್ಚರಿಸುವ ಚೀಟಿ ಅಂಟಿರುತ್ತದೆ. ಬಾಗಿಲ ಹೊರಗೆ ನೀರು ತುಂಬಿಟ್ಟ ಕೆಂಪು ಬಕೆಟ್.

ಈ ಮನೆಗಳಿಗೆ ಮಚಿಯಾ ಎಂದು ಹೆಸರು. ಈಗ ಅವುಗಳಲ್ಲಿ ನೂರಾರು ಮನೆಗಳನ್ನು ಪ್ರವಾಸಿಗರಿಗೆ ದಿನದ ಬಾಡಿಗೆಗೆ ಕೊಡುತ್ತಾರೆ. ಅಂಥ ಮನೆಯ ಹಿಂಭಾಗದಲ್ಲಿ ಹಿನೊಕಿ ಮರದ ಘಮಘಮಿಸುವ ಸ್ನಾನದ ತೊಟ್ಟಿ, ಗುಂಡಿ ಒತ್ತಿದರೆ ತಾನೇ ತುಂಬಿ 'ಸ್ನಾನಕ್ಕೆ ಸಿದ್ಧ' ಎಂದು ಉಲಿಯುವ ಯಂತ್ರ ಎರಡೂ ಇರುತ್ತವೆ. ಸುಖವೇನೋ ಹೌದು. ಆದರೆ ಅದು ಇತ್ತೀಚೆಗೆ ಸೇರಿಸಿದ್ದು. ಮಚಿಯಾದಲ್ಲಿ ಉಳಿದು, ಅದೇ ತೊಟ್ಟಿಯಲ್ಲಿ ಮಿಂದು ವಾಪಸಾದವರು ಅರ್ಧ ಮನೆಯನ್ನಷ್ಟೇ ಕಂಡರು ಎಂಬುದು ನನ್ನ ವಾದ. ಉಳಿದರ್ಧ ಸೆಂತೊ, ಅಂದರೆ ಓಣಿಯ ಸಾರ್ವಜನಿಕ ಸ್ನಾನದ ಮನೆ.

ಮೊದಲು ಮನೆಯನ್ನೇ ನೋಡೋಣ. ಬೀದಿಯಿಂದ ನೋಡಿದರೆ ಮಚಿಯಾ ಏನೂ ಅಲ್ಲ. ಕಂದು ಬಣ್ಣದ ಮರದ ಜಾಲಂದ್ರ, ಒಂದು ಜಾರುಬಾಗಿಲು, ಮೇಲೆ ತಗ್ಗಾದ ಅಟ್ಟ. ಒಳಹೊಕ್ಕರೆ ಮುಗಿಯುವುದೇ ಇಲ್ಲ. ಅಗಲ ಐದಾರು ಮೀಟರ್ ಇದ್ದರೆ ಉದ್ದ ಅದರ ನಾಲ್ಕೈದು ಪಟ್ಟು. ಬೀದಿಯ ಕಡೆಯ ಅಗಲ ನೋಡಿ ತೆರಿಗೆ ಹಾಕುತ್ತಿದ್ದರು, ಅದಕ್ಕೇ ಹೀಗೆ ಎಂದು ಊರವರು ಹೇಳುತ್ತಾರೆ. ಬೀದಿಬದಿಯ ಜಾಗ ಎಲ್ಲ ವ್ಯಾಪಾರಿಗಳಿಗೂ ಬೇಕಿತ್ತು ಎಂಬುದೂ ಅಷ್ಟೇ ದೊಡ್ಡ ಕಾರಣ ಎನಿಸುತ್ತದೆ. ಮುಂದೆ ಅಂಗಡಿ, ಹಿಂದೆ ಸಂಸಾರ. ಪಕ್ಕದಲ್ಲಿ ಬೀದಿಯಿಂದ ಹಿತ್ತಲಿನವರೆಗೆ ನೇರವಾಗಿ ಸಾಗುವ ಮಣ್ಣುನೆಲದ ನಡೆ. ಅಡುಗೆ ಆ ನಡೆಯಲ್ಲೇ. ಅಲ್ಲಿ ಅಟ್ಟವಿಲ್ಲ, ತಲೆಯೆತ್ತಿದರೆ ಮಾಡಿನ ತೊಲೆಗಳೇ ಕಾಣುತ್ತವೆ. ಒಲೆಯ ಹೊಗೆ, ಸೆಕೆ ಮೇಲೇರಿ ಹೋಗಲೆಂದೇ ಆ ಎತ್ತರ. ನೇಯ್ಗೆಯವರ ನಿಶಿಜಿನ್ ಕೇರಿಯ ಮನೆಗಳಲ್ಲಂತೂ ಮಗ್ಗ ನಿಲ್ಲಿಸಲು ಹಿಂದಿನ ಕೋಣೆಯ ಮಾಡನ್ನೂ ಎತ್ತರಿಸಿರುತ್ತಾರೆ.

ಇಷ್ಟುದ್ದದ ಮನೆಯ ನಡುವಿಗೆ ಗಾಳಿ ಬೆಳಕು ಬರುವುದೆಲ್ಲಿಂದ? ಅದಕ್ಕೆ ನಡುವೆ ಒಂದು ಪುಟ್ಟ ಅಂಗಳ ಬಿಟ್ಟಿರುತ್ತಾರೆ. ಮಲೆನಾಡಿನ ತೊಟ್ಟಿಮನೆ ಬಲ್ಲವರಿಗೆ ಇದರ ಗುಟ್ಟು ಹೇಳಬೇಕಾಗಿಲ್ಲ. ಆದರೆ ಅಲ್ಲಿ ಅಡಿಕೆ ಹರವುವ, ಮಕ್ಕಳು ಆಡುವ ಜಾಗವಾದದ್ದು ಇಲ್ಲಿ ಯಾರೂ ಕಾಲಿಡದ ತೋಟ. ಒಂದು ಕಲ್ಲುದೀಪ, ಒಂದು ನೀರಿನ ಬಾನಿ, ಒಂದಿಷ್ಟು ಪಾಚಿ, ನೆರಳಲ್ಲೂ ಬದುಕುವ ಒಂದೆರಡು ಗಿಡ. ಹಿತ್ತಲಲ್ಲಿ ಇನ್ನೂ ಕೊಂಚ ದೊಡ್ಡ ತೋಟ. ಬೇಸಿಗೆಯ ಸಂಜೆ ಒಂದಕ್ಕೆ ನೀರು ಚಿಮುಕಿಸಿದರೆ ಅಲ್ಲಿನ ಗಾಳಿ ತಣಿಯುತ್ತದೆ, ಇನ್ನೊಂದರಲ್ಲಿ ಕಾದ ಗಾಳಿ ಮೇಲೇರುತ್ತದೆ. ಎರಡರ ನಡುವೆ ಇರುವ ಕೋಣೆಗಳಲ್ಲಿ ತೆಳುವಾಗಿ ಗಾಳಿ ಆಡುತ್ತದೆ. ಮನೆ ಕಟ್ಟುವಾಗ ಬೇಸಿಗೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಕಟ್ಟಬೇಕು ಎಂದು 14ನೇ ಶತಮಾನದಲ್ಲೇ ಯೊಶಿದಾ ಕೆಂಕೊ ಎಂಬ ಸನ್ಯಾಸಿ ಬರೆದಿಟ್ಟಿದ್ದ. ಬೆಟ್ಟಗಳ ನಡುವಿನ ಬಟ್ಟಲಿನಂಥ ಕ್ಯೋಟೊದ ಜುಲೈ, ಆಗಸ್ಟ್ ತಿಂಗಳ ಬೇಗೆ ಕಂಡವರಿಗೆ ಆ ಮಾತು ಏಕೆ ಬಂತೆಂದು ಗೊತ್ತಾಗುತ್ತದೆ. ಬೇಸಿಗೆ ಹತ್ತಿರವಾಗುತ್ತಿದ್ದಂತೆ ಕಾಗದದ ಬಾಗಿಲುಗಳನ್ನು ಕಳಚಿ ಜೊಂಡಿನ ಬಾಗಿಲು ಕೂರಿಸುತ್ತಾರೆ, ಚಾಪೆಯ ಮೇಲೆ ಬೆತ್ತದ ಹಾಸು ಬರುತ್ತದೆ. ಮನೆ ಬಟ್ಟೆ ಬದಲಿಸುತ್ತದೆ ಎಂದೇ ಅವರು ಹೇಳುವುದು.

ಕೆಂಕೊನ ಮಾತಿನ ದಂಡವನ್ನು ಚಳಿಗಾಲದಲ್ಲಿ ತೆರಬೇಕು. ಜನವರಿಯಲ್ಲಿ ಮಚಿಯಾದ ಒಳಗೂ ಹೊರಗೂ ಹೆಚ್ಚು ವ್ಯತ್ಯಾಸವಿರುವುದಿಲ್ಲ. ತೆಳ್ಳನೆಯ ಮಣ್ಣುಗೋಡೆ, ಕಾಗದದ ಬಾಗಿಲು, ಅಡಿಯಿಂದ ಗಾಳಿ ನುಗ್ಗುವ ಮರದ ನೆಲ. ಇಡೀ ಮನೆಯನ್ನು ಬಿಸಿಮಾಡುವ ಯೋಚನೆಯೇ ಅಲ್ಲಿಲ್ಲ. ಕೂತವನ ಮೈ ಬೆಚ್ಚಗಾದರೆ ಸಾಕು. ಕೋಣೆಯ ನಡುವೆ ಒಂದು ಗಿಡ್ಡ ಮೇಜು, ಅದರ ಮೇಲೆ ಹೊದಿಕೆ, ಅಡಿಯಲ್ಲಿ ಬಿಸಿ ಕೊಡುವ ಉಪಕರಣ. ಇದು ಕೊತಾತ್ಸು. ಅದರೊಳಗೆ ಕಾಲು ಚಾಚಿದ ಸಂಸಾರ ವಸಂತದವರೆಗೆ ಏಳುವುದು ಕಷ್ಟವೇ. ಪ್ರವಾಸಿಗಳಿಗೆ ಕೊಡುವ ಮನೆಗಳಲ್ಲಿ ಈಗ ಏಸಿ, ನೆಲದಡಿಯ ಬಿಸಿ ಎಲ್ಲವೂ ಬಂದಿವೆ. ಹಾಗಿದ್ದೂ ರಾತ್ರಿ ಶೌಚಾಲಯಕ್ಕೆಂದು ಎದ್ದು ಆ ನಡೆ ದಾಟುವಾಗ ಹಳೆಯ ಕಾಲ ಪಾದದಿಂದಲೇ ಗೊತ್ತಾಗುತ್ತದೆ.

ಈ ಮನೆಯಲ್ಲಿ ಇರುವುದೆಂದರೆ ನೆಲದ ಶಿಸ್ತನ್ನು ಕಲಿಯುವುದು. ಬಾಗಿಲ ಒಳಗಿನ ತಗ್ಗಿನಲ್ಲಿ ಚಪ್ಪಲಿ ಬಿಟ್ಟು ಮೇಲೆ ಹತ್ತಬೇಕು. ಇದು ನಮಗೆ ಹೊಸದಲ್ಲ. ಮರದ ನೆಲದ ಮೇಲೆ ಒಳಚಪ್ಪಲಿ ಆಗಬಹುದು. ತತಾಮಿ ಚಾಪೆಯ ಮೇಲೆ ಅದೂ ಸಲ್ಲದು. ಶೌಚಾಲಯಕ್ಕೆ ಅದರದೇ ಚಪ್ಪಲಿ, ಅದು ಅಲ್ಲೇ ಉಳಿಯಬೇಕು. ಭತ್ತದ ಹುಲ್ಲನ್ನು ಒತ್ತಿ ಮಾಡಿದ ದಿಂಡಿಗೆ ಇಗುಸಾ ಎಂಬ ಜೊಂಡಿನ ಹೆಣಿಗೆ ಹೊದಿಸಿದರೆ ತತಾಮಿ; ಹೊಸದಕ್ಕೆ ಹಸಿಹುಲ್ಲಿನ ವಾಸನೆ, ಹಸಿರು ಬಣ್ಣ, ವರ್ಷ ಕಳೆದಂತೆ ಜೇನಿನ ಬಣ್ಣ. ಜಪಾನಿನಲ್ಲೇ ಬೆಳೆಯುವ ಇಗುಸಾದಲ್ಲಿ ಬಹುಪಾಲು ದಕ್ಷಿಣದ ಕುಮಾಮೊತೊ ಪ್ರಾಂತ್ಯದ್ದು. ಕೋಣೆಯ ಅಳತೆಯೂ ಚಾಪೆಯ ಲೆಕ್ಕದಲ್ಲೇ: ಆರು ಚಾಪೆಯ ಕೋಣೆ, ಎಂಟು ಚಾಪೆಯ ಕೋಣೆ. ಕ್ಯೋಟೊದ ಚಾಪೆ ಸುಮಾರು 191 ಸೆಂಟಿಮೀಟರ್ ಉದ್ದ, ಟೋಕಿಯೊ ಕಡೆಯದು 176. ಹಾಗಾಗಿ ಆರು ಚಾಪೆಯ ಕೋಣೆ ಎಂದು ಎರಡೂ ಊರಲ್ಲಿ ಹೇಳಿದರೂ ಕ್ಯೋಟೊದಲ್ಲಿ ಕೈಕಾಲು ಕೊಂಚ ಧಾರಾಳವಾಗಿ ಚಾಚಬಹುದು.

ರಾತ್ರಿ ಕಪಾಟಿನಿಂದ ಫುತೋನ್ ಹಾಸಿಗೆ ಕೆಳಗಿಳಿಯುತ್ತದೆ, ಬೆಳಗ್ಗೆ ಮಡಿಸಿ ಒಳಹೋಗುತ್ತದೆ. ಮಲಗಿದ್ದ ಕೋಣೆಯೇ ಊಟದ ಕೋಣೆ, ಅದೇ ಓದುವ ಕೋಣೆ. ನಡುವಿನ ಬಾಗಿಲು ಸರಿಸಿದರೆ ಎರಡು ಕೋಣೆ ಸೇರಿ ಹಜಾರ. ಕುರ್ಚಿ, ಮಂಚ, ಬೀರು ಎಂದು ನಾವು ತುಂಬಿಕೊಂಡಿರುವ ಫ್ಲ್ಯಾಟುಗಳನ್ನು ನೆನೆದರೆ ನಾಚಿಕೆಯಾಗುವಷ್ಟು ಖಾಲಿ. ಈ ಖಾಲಿತನವನ್ನು ಜೆನ್ ಧರ್ಮದ ತಲೆಗೆ ಕಟ್ಟಿ ಪುಸ್ತಕ ಮಾರುವವರು ಬಹಳ ಮಂದಿ ಇದ್ದಾರೆ. ಇದರಲ್ಲಿ ಬಹುಪಾಲು ಜಾಗವಿಲ್ಲದವರ ಜಾಣ್ಮೆ ಅಷ್ಟೇ. ಇನ್ನು ಮಂಡಿ ಸಮಸ್ಯೆ ಇರುವವರಿಗೆ ಒಂದು ಮಾತು: ನೆಲದಿಂದ ಏಳುವುದು, ಏಣಿಯಷ್ಟು ಕಡಿದಾದ ಮೆಟ್ಟಿಲು ಹತ್ತುವುದು, ತಗ್ಗು ಬಾಗಿಲಿಗೆ ಹಣೆ ಜಜ್ಜಿಕೊಳ್ಳದಿರುವುದು ಇವೆಲ್ಲ ಜಾಹೀರಾತಿನ ಚಿತ್ರಗಳಲ್ಲಿ ಕಾಣುವುದಿಲ್ಲ.

ಪಕ್ಕದ ಮನೆಯ ಕೆಮ್ಮು ಈ ಮನೆಗೆ ಕೇಳಿಸುತ್ತದೆ. ಹಾಗಾಗಿ ಬಾಡಿಗೆಗೆ ಬಂದವರಿಗೆ ಮೊದಲು ಕೊಡುವ ಕಾಗದದಲ್ಲೇ ರಾತ್ರಿ ಮಾತು ತಗ್ಗಿಸಿ, ಓಣಿಯಲ್ಲಿ ಸೂಟ್‌ಕೇಸಿನ ಚಕ್ರ ಉರುಳಿಸಬೇಡಿ, ಎತ್ತಿಕೊಂಡು ಹೋಗಿ ಎಂಬಂಥ ಸೂಚನೆಗಳಿರುತ್ತವೆ. ಬೆಳಗ್ಗೆ ಪಕ್ಕದಮನೆಯ ಅಜ್ಜಿ ತನ್ನ ಬಾಗಿಲ ಮುಂದೆ ಗುಡಿಸುತ್ತಾ ನಿಮ್ಮ ಬಾಗಿಲ ಮುಂದೆಯೂ ಒಂದು ಮೊಳ ಗುಡಿಸಿ ನಿಲ್ಲಿಸುತ್ತಾರೆ. ಅದಕ್ಕಿಂತ ಹೆಚ್ಚು ಗುಡಿಸಿದರೆ ಅಧಿಕಪ್ರಸಂಗ, ಕಡಿಮೆಯಾದರೆ ಬಿಗುಮಾನ. ಆ ಒಂದು ಮೊಳದ ಲೆಕ್ಕ ನೆರೆಹೊರೆ ಇದ್ದರೆ ಮಾತ್ರ ನಡೆಯುತ್ತದೆ. ವಾರಕ್ಕೊಬ್ಬ ಹೊಸಬ ಬಂದು ಹೋಗುವ ಮನೆಗಳೇ ಓಣಿ ತುಂಬಿದರೆ ಗುಡಿಸುವವರು ಯಾರು?

ಈ ಪ್ರಶ್ನೆ ಕ್ಯೋಟೊವನ್ನು ಕಾಡುತ್ತಲೇ ಇದೆ. ನಗರಾಡಳಿತ 2016ರಲ್ಲಿ ಎಣಿಸಿದಾಗ ಸುಮಾರು 40 ಸಾವಿರ ಮಚಿಯಾಗಳಿದ್ದವು. ಅದಕ್ಕೂ ಏಳು ವರ್ಷದ ಹಿಂದಿನ ಎಣಿಕೆಗೆ ಹೋಲಿಸಿದರೆ ಐದು ಸಾವಿರಕ್ಕೂ ಹೆಚ್ಚು ಮಾಯ. 1950ರ ಕಟ್ಟಡ ಕಾಯ್ದೆ ಬಂದ ಮೇಲೆ ಹಳೆಯ ಪದ್ಧತಿಯಲ್ಲಿ ಹೊಸ ಮಚಿಯಾ ಕಟ್ಟುವುದು ಕಾನೂನಿನ ಕಣ್ಣಲ್ಲಿ ಕಷ್ಟವಾಯಿತು. ಕೆಡವಿದ್ದು ಹೋಯಿತು, ಮತ್ತೆ ಬಾರದು. ಉತ್ತರಾಧಿಕಾರದ ತೆರಿಗೆ, ರಿಪೇರಿಯ ಖರ್ಚು, ಊರುಬಿಟ್ಟ ಮಕ್ಕಳು ಎಲ್ಲ ಸೇರಿ ಕೆಡವಿ ಮಾರುವುದೇ ಸುಲಭವಾಗಿತ್ತು. 2004ರ ಹೊತ್ತಿಗೆ ಅಮೆರಿಕ ಮೂಲದ ಲೇಖಕ ಅಲೆಕ್ಸ್ ಕೆರ್ ಮತ್ತವರ ಗೆಳೆಯರು ಖಾಲಿ ಮಚಿಯಾಗಳನ್ನು ದುರಸ್ತಿ ಮಾಡಿ ಇಡೀ ಮನೆಯನ್ನೇ ಅತಿಥಿಗಳಿಗೆ ಕೊಡುವ ದಾರಿ ತೋರಿಸಿದರು. ಆಮೇಲೆ ಅದು ಉದ್ಯಮವಾಯಿತು, ಹುಚ್ಚೂ ಆಯಿತು. 2018ರ ಜೂನ್‌ನಲ್ಲಿ ಜಾರಿಗೆ ಬಂದ ದೇಶದ ಕಾಯ್ದೆ, ಹೋಟೆಲ್ ಪರವಾನಗಿ ಇಲ್ಲದ ಮನೆಗಳನ್ನು ವರ್ಷಕ್ಕೆ 180 ದಿನಕ್ಕಿಂತ ಹೆಚ್ಚು ಬಾಡಿಗೆಗೆ ಕೊಡದಂತೆ ಕಟ್ಟಿಹಾಕಿತು. ಮನೆ ಉಳಿಯಿತು, ಮನೆಯವರು ಹೋದರು ಎಂದು ಮೂಗು ಮುರಿಯುವವರ ಮಾತಿನಲ್ಲಿ ಸತ್ಯವಿದೆ. ಪಾರ್ಕಿಂಗ್ ಜಾಗವಾಗುವುದಕ್ಕಿಂತ ವಾಸಿ ಎನ್ನುವವರ ಮಾತಿನಲ್ಲೂ ಇದೆ. ನಾನು ಎರಡನೆಯವರ ಕಡೆ, ಅರೆಮನಸ್ಸಿನಿಂದ.

ಇನ್ನು ಸ್ನಾನ. ಸಂಜೆ ಟವೆಲು ಹೆಗಲಿಗೆ ಹಾಕಿ ಓಣಿ ಹಿಡಿದು ಹೊರಟರೆ, ಎತ್ತರದ ಹೊಗೆಗೂಡೋ ಬಾಗಿಲಿಗೆ ಇಳಿಬಿಟ್ಟ ಬಟ್ಟೆಯ ತೆರೆಯೋ ಸೆಂತೊವನ್ನು ತೋರಿಸಿಕೊಡುತ್ತದೆ. ಗಂಡಸರಿಗೊಂದು ಬಾಗಿಲು, ಹೆಂಗಸರಿಗೊಂದು. ಚಪ್ಪಲಿಯನ್ನು ಗೂಡಿನಲ್ಲಿಟ್ಟು ಮರದ ಹಲಗೆಯ ಬೀಗದಕೈ ಕಿತ್ತುಕೊಳ್ಳಬೇಕು. ಹಳೆಯ ಸೆಂತೊಗಳಲ್ಲಿ ಎರಡೂ ಕಡೆ ಕಾಣುವಂತೆ ಎತ್ತರದ ಕಟ್ಟೆಯ ಮೇಲೆ ಕೂತ ಯಜಮಾನಿ ದುಡ್ಡು ಇಸಿದುಕೊಳ್ಳುತ್ತಾರೆ. ದರ ಅವರ ಇಷ್ಟದ್ದಲ್ಲ. ಯುದ್ಧಾನಂತರ ಬಂದ ಬೆಲೆ ನಿಯಂತ್ರಣದ ಪ್ರಕಾರ ಇವತ್ತಿಗೂ ಆಯಾ ಪ್ರಾಂತ್ಯದ ಗವರ್ನರ್ ಗರಿಷ್ಠ ದರ ನಿಗದಿಪಡಿಸುತ್ತಾರೆ. ಟೋಕಿಯೊದಲ್ಲಿ 2024ರ ಆಗಸ್ಟ್‌ನಲ್ಲಿ ಅದು ದೊಡ್ಡವರಿಗೆ 550 ಯೆನ್ ಆಯಿತು, ನಮ್ಮ ಲೆಕ್ಕದಲ್ಲಿ ಮುನ್ನೂರು ಚಿಲ್ಲರೆ ರೂಪಾಯಿ. ನೆಲದಿಂದ ತಾನಾಗಿ ಬಿಸಿನೀರು ಚಿಮ್ಮುವ ಒನ್ಸೆನ್‌ಗಳ ವಿಷಯ ಬೇರೆ; ಅವು ವಿಹಾರಕ್ಕೆ, ರಜೆಗೆ. ಸೆಂತೊ ನಿತ್ಯದ ಅಗತ್ಯ, ಹಾಲಿನಂತೆ, ಬಸ್ಸಿನಂತೆ.

ಬಟ್ಟೆ ಪೂರ್ತಿ ಕಳಚಬೇಕು. ಒಳಉಡುಪೂ ಇಲ್ಲ, ಪಂಚೆಯೂ ಇಲ್ಲ. ನಮ್ಮವರು ಅರ್ಧಕ್ಕರ್ಧ ಇಲ್ಲೇ ಹಿಂತಿರುಗುತ್ತಾರೆ. ನದಿಯಲ್ಲಿ, ಕಲ್ಯಾಣಿಯಲ್ಲಿ ಸಾವಿರ ಜನರ ನಡುವೆ ಮೀಯುವ ನಾವು ಮೈಮೇಲೆ ಒಂದು ತುಂಡು ಬಟ್ಟೆಯಿಲ್ಲದೆ ಹತ್ತು ಜನರ ಮುಂದೆ ನಿಲ್ಲಲಾರೆವು. ಅಲ್ಲಿನವರ ಸಹಾಯವೆಂದರೆ ಯಾರೂ ಯಾರನ್ನೂ ನೋಡುವುದಿಲ್ಲ. ಮುಜುಗರ ಮೊದಲ ಐದು ನಿಮಿಷದ್ದು. ಆಮೇಲೆ ಬಿಸಿನೀರಿನ ಮುಂದೆ ಅದು ನಿಲ್ಲುವುದಿಲ್ಲ. ನಿಜವಾಗಿ ಹೆದರಬೇಕಾದದ್ದು ಬೇರೆಯದಕ್ಕೆ. ಮೈ ತೊಳೆಯದೆ ತೊಟ್ಟಿಗಿಳಿಯುವುದು ಅಲ್ಲಿ ಮಹಾಪರಾಧ. ತೊಟ್ಟಿ ಇರುವುದು ಮೈ ತೊಳೆಯಲಿಕ್ಕಲ್ಲ, ತೊಳೆದ ಮೈಯನ್ನು ನೆನೆಹಾಕಲಿಕ್ಕೆ. ಪುಟ್ಟ ಮಣೆಯ ಮೇಲೆ ಕೂತು, ಪಕ್ಕದವರಿಗೆ ಸಿಡಿಯದಂತೆ ಸೋಪು ಉಜ್ಜಿ, ಒಂದು ಹನಿ ನೊರೆಯೂ ಉಳಿಯದಂತೆ ನೀರು ಸುರಿದುಕೊಂಡು ಆಮೇಲೆ ಮೆಲ್ಲಗೆ ಇಳಿಯಬೇಕು. ಕೂದಲು ನೀರಿಗೆ ತಾಗಬಾರದು. ಸಣ್ಣ ಟವೆಲನ್ನು ಮಡಿಸಿ ತಲೆಯ ಮೇಲಿಟ್ಟುಕೊಳ್ಳುವುದು ರೂಢಿ, ತೊಟ್ಟಿಯಲ್ಲಿ ಅದ್ದುವಂತಿಲ್ಲ. ನೀರಿನ ಬಿಸಿ 42 ಡಿಗ್ರಿ ಆಸುಪಾಸು. ಇಳಿದೊಡನೆ ಚುರ್ ಎನ್ನುತ್ತದೆ. ಅಲುಗಾಡದೆ ಕೂತರೆ ಒಗ್ಗುತ್ತದೆ. ರಕ್ತದೊತ್ತಡ ಇರುವವರು ಹೆಚ್ಚು ಹೊತ್ತು ಕೂರದಿರುವುದು ಕ್ಷೇಮ.

ಊರಿಂದೂರಿಗೆ ಸೆಂತೊದ ರೀತಿಯೂ ಬೇರೆ. ಟೋಕಿಯೊದಲ್ಲಿ ತೊಟ್ಟಿ ಎದುರುಗೋಡೆಗೆ ಒತ್ತಿಕೊಂಡಿರುತ್ತದೆ. ಗೋಡೆಯ ತುಂಬ ಫ್ಯೂಜಿ ಪರ್ವತದ ಚಿತ್ರ. 1912ರಲ್ಲಿ ಅಲ್ಲಿನ ಕಂದಾ ಪ್ರದೇಶದ ಒಂದು ಸೆಂತೊದಲ್ಲಿ ಶುರುವಾದ ಈ ಪದ್ಧತಿ ಎಷ್ಟು ಹಬ್ಬಿತೆಂದರೆ ಇದಕ್ಕೇ ಮೀಸಲಾದ ಕಲಾವಿದರಿದ್ದರು. ಈಗ ಬೆರಳೆಣಿಕೆಯ ಮಂದಿ. ಕ್ಯೋಟೊ, ಒಸಾಕಾ ಕಡೆ ತೊಟ್ಟಿ ಕೋಣೆಯ ನಡುವೆ. ಜನ ಅದರ ಅಂಚಿನ ಸುತ್ತ ಕೂತು ತೊಟ್ಟಿಯ ನೀರನ್ನೇ ಮೊಗೆದು ಮೈಗೆ ಹೊಯ್ದುಕೊಳ್ಳುತ್ತಾರೆ. 1963ರಿಂದ ಜಪಾನಿನ ಸೆಂತೊಗಳಲ್ಲೆಲ್ಲ ಕಾಣುವ ಹಳದಿ ಪ್ಲಾಸ್ಟಿಕ್ ಬೋಗುಣಿಯ ತಳದಲ್ಲಿ 'ಕೆರೊರಿನ್' ಎಂಬ ನೋವಿನ ಔಷಧಿಯ ಜಾಹೀರಾತು ಇರುತ್ತದೆ. ಅದರಲ್ಲೂ ಎರಡು ಅಳತೆ: ಟೋಕಿಯೊಗೆ ದೊಡ್ಡದು, ತೊಟ್ಟಿಯಿಂದ ಮೊಗೆಯುವ ಒಸಾಕಾ, ಕ್ಯೋಟೊ ಕಡೆಗೆ ಚಿಕ್ಕದು. ಗ್ರಾಹಕರ ಕೈಯ ಭಾರವನ್ನು ಇಷ್ಟು ಲೆಕ್ಕಹಾಕಿದ ಜಾಹೀರಾತು ಕಂಪನಿ ಇನ್ನೊಂದಿರಲಾರದು.

ಕ್ಯೋಟೊದಲ್ಲಿ ಒಂದೇ ಸೆಂತೊಗೆ ಹೋಗಲು ಬಿಡುವಿದ್ದರೆ ನಿಶಿಜಿನ್ ಹತ್ತಿರದ ಫುನಾಓಕಾ ಒನ್ಸೆನ್‌ಗೆ ಹೋಗಬೇಕು. ಹೆಸರಿನಲ್ಲಿ ಒನ್ಸೆನ್ ಇದ್ದರೂ ಅದು ಓಣಿಯ ಸೆಂತೊವೇ. 1923ರಲ್ಲಿ ಊಟದ ವಸತಿಗೃಹವಾಗಿ ಕಟ್ಟಿದ್ದು; ಈಗ ದೇಶದ ನೋಂದಾಯಿತ ಸಾಂಸ್ಕೃತಿಕ ಆಸ್ತಿ. ಬಟ್ಟೆ ಬದಲಿಸುವ ಕೋಣೆಯ ಚಾವಣಿಯಲ್ಲಿ ಉದ್ದ ಮೂಗಿನ ಕೆಂಪು ಮುಖದ 'ತೆಂಗು' ಎಂಬ ದೈವ ಜನಪದ ಕಥೆಗಳ ಬಾಲಕವೀರ ಉಶಿವಾಕಾಮಾರುವಿನ ಜೊತೆ ನಿಂತಿದೆ. ಗೋಡೆಗಳಿಗೆ ಹೂಬಳ್ಳಿಯ ಬಣ್ಣದ ಮಜೋಲಿಕಾ ಹೆಂಚು. ತೊಲೆಗಳ ಕೆಳಗಿನ ಮರದ ಕೆತ್ತನೆ ದಿಟ್ಟಿಸಿದರೆ ಬಂದೂಕು ಹಿಡಿದ ಸೈನಿಕರು ಕಾಣುತ್ತಾರೆ; ಅದು 1932ರಲ್ಲಿ ಜಪಾನ್ ಶಾಂಘೈ ಮೇಲೆ ನಡೆಸಿದ ಕಾಳಗ. ಬೆತ್ತಲೆ ಮುದುಕರು ಹರಟುತ್ತಾ ಮೈ ಒರೆಸಿಕೊಳ್ಳುವ ತಾವಿನಲ್ಲಿ ಆ ಯುದ್ಧೋತ್ಸಾಹದ ಕೆತ್ತನೆ ಯಾರೂ ಮುಟ್ಟದೆ ಹಾಗೇ ಉಳಿದಿದೆ. ಒಳಗೆ ವಿದ್ಯುತ್ ತೊಟ್ಟಿಯೂ ಉಂಟು: ಎರಡು ಫಲಕಗಳ ನಡುವೆ ನೀರಿನಲ್ಲಿ ಸಣ್ಣಗೆ ಕರೆಂಟು ಹರಿಸುತ್ತಾರೆ, ಕೂತರೆ ಸೊಂಟ ಜುಮ್ಮೆನ್ನುತ್ತದೆ. ಸೊಂಟನೋವಿಗೆ ಒಳ್ಳೆಯದೆಂದು ಅಲ್ಲಿನ ಹಿರಿಯರ ನಂಬಿಕೆ. ಪೇಸ್‌ಮೇಕರ್ ಇರುವವರು ಆ ಕಡೆ ಸುಳಿಯಬಾರದು.

ಜಪಾನಿನಲ್ಲಿ ಹತ್ತು ಜನಕ್ಕೆ ನೀರು ಕಾಯಿಸುವ ಕೆಲಸ ಬೌದ್ಧ ವಿಹಾರಗಳಲ್ಲಿ ಬೇರುಬಿಟ್ಟದ್ದು. ನಾರಾ ನಗರದ ತೋದೈಜಿ ವಿಹಾರದಲ್ಲಿ 12ನೇ ಶತಮಾನದ ಕೊನೆಯ ಕಬ್ಬಿಣದ ದೊಡ್ಡ ಸ್ನಾನದ ಕೊಪ್ಪರಿಗೆ ಈಗಲೂ ಇದೆ. ಸಾಮ್ರಾಜ್ಞಿ ಕೋಮ್ಯೊ ಸಾವಿರ ಜನರ ಮೈತೊಳೆಯುವ ವ್ರತ ಹಿಡಿದಳು, ಕೊನೆಯವನಾಗಿ ಬಂದ ಕುಷ್ಠರೋಗಿ ಅಕ್ಷೋಭ್ಯ ಬುದ್ಧನಾಗಿ ಬೆಳಗಿದ ಎಂಬ ಐತಿಹ್ಯವಿದೆ. ಇದೆಲ್ಲಕ್ಕೂ ಆಧಾರವಾದ ಒಂದು ಸೂತ್ರದಲ್ಲಿ ಬುದ್ಧನಿಗೆ ಪ್ರಶ್ನೆ ಕೇಳುವವನು ನಮ್ಮ ರಾಜಗೃಹದ ವೈದ್ಯ ಜೀವಕ. ಭಿಕ್ಷುಗಳ ಸ್ನಾನಕ್ಕೆ ಬೇಕಾದ ಏಳು ವಸ್ತುಗಳನ್ನು ಅಲ್ಲಿ ಪಟ್ಟಿಮಾಡಿದೆ: ಸೌದೆ, ಶುದ್ಧ ನೀರು, ಕಾಳಿನ ಹಿಟ್ಟು, ತುಪ್ಪದಂಥ ಲೇಪ, ಬೂದಿ, ಹಲ್ಲುಜ್ಜುವ ಕಡ್ಡಿ, ಒಳಬಟ್ಟೆ. ಕಾಳಿನ ಹಿಟ್ಟು ಹಚ್ಚಿ ಮೀಯುವ ರೂಢಿ ಚೀನಾ ದಾಟಿ ಪುಸ್ತಕದ ರೂಪದಲ್ಲಿ ಜಪಾನು ಮುಟ್ಟಿದ್ದು ಹೀಗೆ. ವಿಹಾರದ ಪುಣ್ಯಕಾರ್ಯ ಕ್ರಮೇಣ ಕಾಸು ಕೊಟ್ಟು ಮೀಯುವ ವ್ಯಾಪಾರವಾಯಿತು. ಇಂದಿನ ಟೋಕಿಯೊ ಆಗಿನ್ನೂ ಎದೊ ಆಗಿದ್ದ ಕಾಲಕ್ಕೆ ಗಂಡು ಹೆಣ್ಣು ಒಟ್ಟಿಗೇ ಮೀಯುವುದು ಮಾಮೂಲಿಯಾಗಿತ್ತು. 1791ರಲ್ಲಿ ಮಂತ್ರಿ ಮತ್ಸುದೈರಾ ಸದಾನೊಬು ನಿಷೇಧ ಹೇರಿದರೂ ಜನ ಅಷ್ಟಾಗಿ ಕಿವಿಗೊಡಲಿಲ್ಲ. ಇಬ್ಬರ ನಡುವೆ ಗೋಡೆ ಗಟ್ಟಿಯಾಗಿ ಎದ್ದದ್ದು, ಪಾಶ್ಚಾತ್ಯರು ಏನೆಂದಾರೋ ಎಂಬ ಅಂಜಿಕೆ ಹುಟ್ಟಿದ ಮೇಜಿ ಚಕ್ರವರ್ತಿಯ ಕಾಲದಲ್ಲಿ.

ಸೆಂತೊ ಎಷ್ಟು ಅಗತ್ಯದ್ದೆಂದು ಸರ್ಕಾರ ಭಾವಿಸಿತ್ತೆಂದರೆ, ಒಂದರ ಪಕ್ಕದಲ್ಲೇ ಇನ್ನೊಂದು ತೆರೆದು ಪೈಪೋಟಿಯಲ್ಲಿ ಎರಡೂ ಮುಳುಗದಿರಲೆಂದು ನಡುವೆ ಇಂತಿಷ್ಟು ದೂರವಿರಬೇಕೆಂಬ ನಿಯಮ ಮಾಡಿತ್ತು. ಉದ್ಯೋಗ ಸ್ವಾತಂತ್ರ್ಯಕ್ಕೆ ಧಕ್ಕೆಯೆಂದು ಇದನ್ನು ಪ್ರಶ್ನಿಸಿದವರಿಗೆ 1955ರಲ್ಲೂ 1989ರಲ್ಲೂ ಸುಪ್ರೀಂ ಕೋರ್ಟಿನಲ್ಲಿ ಸೋಲಾಯಿತು. ಆದರೆ ಸೆಂತೊವನ್ನು ಹೊಡೆದದ್ದು ಪಕ್ಕದ ಸೆಂತೊ ಅಲ್ಲ, ಮನೆಯ ನಲ್ಲಿ. 1955ರಲ್ಲಿ ಶುರುವಾದ ಸರ್ಕಾರಿ ವಸತಿ ನಿಗಮದ ಫ್ಲ್ಯಾಟುಗಳು ಬಚ್ಚಲ ಸಮೇತ ಬಂದವು. 1964ರ ಟೋಕಿಯೊ ಒಲಿಂಪಿಕ್ಸ್‌ಗೆಂದು ಹೋಟೆಲೊಂದನ್ನು ತ್ವರಿತವಾಗಿ ಮುಗಿಸಲು ಕಾರ್ಖಾನೆಯಲ್ಲೇ ತಯಾರಾಗುವ ಅಚ್ಚಿನ ಬಚ್ಚಲು ಬಂತು, ಆಮೇಲೆ ಅದು ಮನೆಮನೆ ಹೊಕ್ಕಿತು. 1968ರಲ್ಲಿ ದೇಶದಲ್ಲಿ ಸುಮಾರು 18 ಸಾವಿರ ಸೆಂತೊಗಳಿದ್ದವು. ಇಂದು ಎರಡು ಸಾವಿರವೂ ಇಲ್ಲ. ವಿಮ್ ವೆಂಡರ್ಸ್ ಅವರ 'ಪರ್ಫೆಕ್ಟ್ ಡೇಸ್' ಚಿತ್ರ ನೋಡಿದವರಿಗೆ ಶೌಚಾಲಯ ತೊಳೆಯುವ ಹಿರಾಯಾಮಾ ಕೆಲಸ ಮುಗಿಸಿ ಸೈಕಲ್ಲೇರಿ ಸೆಂತೊಗೆ ಹೋಗಿ, ಮೂಗಿನವರೆಗೆ ನೀರಲ್ಲಿ ಮುಳುಗುವುದು ನೆನಪಿರಬಹುದು. ಅವನಂತೆ ಹಳೆಯ ಕೋಣೆಯಲ್ಲಿ ಒಂಟಿಯಾಗಿರುವ ಹಿರಿಯರೇ ಈಗಿನ ನಿತ್ಯದ ಗಿರಾಕಿಗಳು. ಬರುವವರೊಬ್ಬರು ಎರಡು ದಿನ ಕಾಣದಿದ್ದರೆ ಯಜಮಾನಿ ವಿಚಾರಿಸುತ್ತಾರೆ.

ಈ ನಷ್ಟಕ್ಕೆ ಒಂದು ಕಹಿಯಾದ ನಂಟಿದೆ. ಸೌದೆಯಲ್ಲೇ ನೀರು ಕಾಯಿಸುವ ಸೆಂತೊಗಳು ಕೆಡವಿದ ಮನೆಗಳ ಹಳೆಯ ಮರವನ್ನು ತಂದು ಉರಿಸುತ್ತವೆ. ಹಾಗೆ ಓಣಿಯ ಒಂದು ಮನೆ ಬಿದ್ದು ಓಣಿಯ ನೀರು ಕಾಯುತ್ತದೆ. ಗಿರಾಕಿಯೂ ಸೌದೆಯೂ ಒಂದೇ ಮನೆಯಿಂದ ಬಂದಂತೆ. ಆದರೂ ಪೂರ್ತಿ ನಿರಾಶರಾಗಬೇಕಿಲ್ಲ. ಮುಚ್ಚುವ ಹಂತದಲ್ಲಿದ್ದ ಕ್ಯೋಟೊದ ಉಮೆಯು ಎಂಬ ಸೆಂತೊವನ್ನು 2015ರಲ್ಲಿ ಮಿನಾತೊ ಸಾಂಜಿರೊ ಎಂಬ ಇಪ್ಪತ್ತರ ಹರೆಯದ ಯುವಕ ವಹಿಸಿಕೊಂಡು ಉಳಿಸಿದರು. ಈಗ ಅಲ್ಲಿ ಕಾಲೇಜು ಹುಡುಗರ ಸಂದಣಿ. 1933ರಲ್ಲಿ ಆರಂಭವಾದ ಟೋಕಿಯೊದ ಕೊಸುಗಿಯು 2024ರಲ್ಲಿ ಹರಾಜುಕು ಬಡಾವಣೆಯ ಹೊಸ ಮಾಲ್ ಒಂದರಲ್ಲಿ ಶಾಖೆ ತೆರೆದಿದೆ.

ಕ್ಯೋಟೊದಲ್ಲಿ ಮನೆ ಕಾದಿರಿಸುವವರು ಬಚ್ಚಲಿನ ಫೋಟೊ ನೋಡುವ ಮೊದಲು, ನಡೆದುಹೋಗುವಷ್ಟು ಹತ್ತಿರದಲ್ಲಿ ಸೆಂತೊ ಇದೆಯೇ, ವಾರದಲ್ಲಿ ಯಾವ ದಿನ ರಜೆ ಎಂದು ಮನೆಯವರನ್ನು ಕೇಳಿ. ಹೆಚ್ಚಿನವು ಮಧ್ಯಾಹ್ನ ಮೂರು, ನಾಲ್ಕರ ಮೇಲೆ ತೆರೆದು ರಾತ್ರಿ ತಡವಾಗಿ ಮುಚ್ಚುತ್ತವೆ. ಚಿಲ್ಲರೆ ನಾಣ್ಯ, ಒಂದು ಸಣ್ಣ ಟವೆಲು, ಸೋಪು ಜೊತೆಗಿರಲಿ. ಹಚ್ಚೆ ಇದ್ದರೂ ಸಾಮಾನ್ಯವಾಗಿ ಓಣಿಯ ಸೆಂತೊದಲ್ಲಿ ತಡೆಯುವುದಿಲ್ಲ. ಫೋನು ಮಾತ್ರ ಬಟ್ಟೆಯ ಪೆಟ್ಟಿಗೆಯಲ್ಲೇ ಇರಬೇಕು.